ಹರಿದ ಸ್ಪೀಕರಿನಿಂದ ಕಾಲಡಿಯ ಡಬ್ಬಿಗೆ: ರಾಕ್ ಗಿಟಾರಿನ ದನಿ ಬಂದ ದಾರಿ

ಗಣೇಶನ ಹಬ್ಬಕ್ಕೋ ಊರ ಜಾತ್ರೆಗೋ ಆರ್ಕೆಸ್ಟ್ರಾ ಬಂದರೆ ಎಲ್ಲರೂ ಗಿಟಾರ್ ನುಡಿಸುವವರ ಕೈ ನೋಡುತ್ತಾರೆ. ಮುಂದಿನ ಸಲ ಅವರ ಕಾಲ ಕಡೆ ನೋಡಿ. ಅಲ್ಲಿ ಅಂಗೈ ಅಗಲದ ಒಂದೆರಡು ಲೋಹದ ಡಬ್ಬಿಗಳಿರುತ್ತವೆ. ಕಾಲಿನಿಂದ ಒಮ್ಮೆ ಒತ್ತಿದರೆ ಸಾಕು, ಅಲ್ಲಿಯವರೆಗೆ ಸಣ್ಣಗೆ ಟಿಣ್ ಎನ್ನುತ್ತಿದ್ದ ತಂತಿ ಗುಡುಗಲು ಶುರು ಮಾಡುತ್ತದೆ. ಈ ಡಬ್ಬಿಯೇ ಎಫೆಕ್ಟ್ಸ್ ಪೆಡಲ್.

ವರದಿಗೆಂದು ಓಡಾಡುವಾಗ ಗಿಟಾರ್ ಕಲಿಯುವ ಹುಡುಗ ಹುಡುಗಿಯರು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ಮೊಬೈಲಿನಲ್ಲಿ ಐವತ್ತು ವರ್ಷ ಹಳೆಯ ಇಂಗ್ಲಿಷ್ ರಾಕ್ ಹಾಡು ಕೇಳಿ ಅದೇ ಗುಂಗಿನಲ್ಲಿರುತ್ತಾರೆ. ಅವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ಈ ಸೌಂಡ್ ಬರ್ಬೇಕು ಅಂದ್ರೆ ಯಾವ ಪೆಡಲ್ ತಗೋಬೇಕು?" ಕೆಲವರು ಕಂತಿನ ಮೇಲೆ ಒಂದಾದ ಮೇಲೊಂದು ಕೊಂಡು, ಆಮೇಲೂ ಆ ದನಿ ಬರಲಿಲ್ಲ ಎಂದು ಕೈಚೆಲ್ಲಿ ಕೂತಿದ್ದಾರೆ.

ಅಂಗಡಿಗೆ ಹೋಗುವ ಮೊದಲು ಆ ದನಿಗಳು ಎಲ್ಲಿಂದ ಬಂದವು ಎಂದು ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ಏಕೆಂದರೆ ಇವುಗಳಲ್ಲಿ ಹಲವು ಯಾರೋ ಕೂತು ಯೋಜನೆ ಹಾಕಿ ಮಾಡಿದ ದನಿಗಳಲ್ಲ. ಹರಿದ ಸ್ಪೀಕರು, ಕೆಟ್ಟ ಟ್ರಾನ್ಸ್‌ಫಾರ್ಮರು, ಕಾರ್ಖಾನೆಯಲ್ಲಿ ತುಂಡಾದ ಬೆರಳು, ಕಸದಲ್ಲಿ ಸಿಕ್ಕ ಬೋರ್ಡು ಇವುಗಳಿಂದ ಬಂದವು. ಡಬ್ಬಿ ಬಂದಿದ್ದು ಆಮೇಲೆ.

ಸೇರಿನ ತಲೆ ಸವರಿದ ಹಾಗೆ

ಮೊದಲು ಒಂದು ಮಾತು ಅರ್ಥವಾಗಬೇಕು. ರಾಕ್ ಗಿಟಾರಿನ ಆ ಒರಟು ದನಿಗೆ ಡಿಸ್ಟಾರ್ಶನ್ ಎನ್ನುತ್ತಾರೆ. ಅಂದರೆ ದನಿ ಕೆಡುವುದು.

ಸೇರಿಗೆ ಅಕ್ಕಿ ತುಂಬುತ್ತೀರಿ. ಮೇಲೆ ಗೋಪುರದಂತೆ ರಾಶಿ ನಿಲ್ಲುತ್ತದೆ. ಕೋಲಿನಿಂದ ಸವರಿದರೆ ತಲೆ ಮಟ್ಟಸವಾಗುತ್ತದೆ. ಗಿಟಾರಿನಿಂದ ಬರುವ ವಿದ್ಯುತ್ತಿನ ಅಲೆಗೂ ಹೀಗೆಯೇ ಆಗುತ್ತದೆ. ಆಂಪ್ಲಿಫೈಯರಿಗೆ ತಾಳುವ ಮಿತಿಯೊಂದಿದೆ. ಅದಕ್ಕಿಂತ ಎತ್ತರದ ಅಲೆ ಬಂದರೆ ತಲೆ ಸವರಿ ಹೋಗುತ್ತದೆ. ಹಾಗೆ ಸವರಿದಾಗ ಮೂಲ ಸ್ವರದ ಜೊತೆಗೆ ಅದರ ಮೇಲಿನ ಹತ್ತಾರು ಸಣ್ಣ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಅದಕ್ಕೇ ದನಿ ದಪ್ಪವಾಗಿ, ಗರಗರ ಎನ್ನುತ್ತದೆ. ಚುನಾವಣೆ ಪ್ರಚಾರದ ಆಟೋದಲ್ಲಿ ಕೂಗುವವರು ಮೈಕಿಗೆ ಬಾಯಿ ತಾಗಿಸಿ ಅರಚಿದಾಗ "ಮೈಕ್ ಒಡೀತಿದೆ" ಎನ್ನುತ್ತೇವಲ್ಲ, ಅಲ್ಲಿ ಆಗುವುದೂ ಇದೇ.

ದನಿಯಲ್ಲಿ ಝೇಂಕಾರ ಬೇಕೆಂದು ಬಯಸುವುದು ನಮಗೂ ಹೊಸದಲ್ಲ. ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಜೀವಾಳ ಹಿಡಿಸುವುದು ಸ್ವರ ತುಂಬಿ ಗುಂಯ್‌ಗುಡಲಿ ಎಂದೇ. ತಂಬೂರಿಯಲ್ಲಿ ಆ ಕೆಲಸ ಒಂದು ನೂಲಿನ ಎಳೆ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ನೆರವಾಗಿದ್ದು ಒಂದು ಪ್ರಯಾಣದ ಅವಘಡ.

ಕಾಗದ ತುರುಕಿದ ಆಂಪ್

1951ರ ಮಾರ್ಚ್. ಐಕ್ ಟರ್ನರ್ ಎಂಬ ಯುವಕನ ತಂಡ ಮಿಸಿಸಿಪಿ ರಾಜ್ಯದಿಂದ ಮೆಂಫಿಸ್ ಊರಿಗೆ ರೆಕಾರ್ಡಿಂಗಿಗೆ ಹೊರಟಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್‌ನ ಆಂಪ್ ಕೆಟ್ಟಿತು. ಸ್ಪೀಕರಿನ ಕೋನ್ ಹರಿದಿತ್ತು. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಬೇರೆ ಆಂಪ್ ತರಿಸಲಿಲ್ಲ. ಹರಿದ ಜಾಗಕ್ಕೆ ಕಾಗದ ತುರುಕಿ, ಬರುವ ದನಿ ಬರಲಿ ಎಂದು ಹಾಗೆಯೇ ರೆಕಾರ್ಡ್ ಮಾಡಿದ. 'ರಾಕೆಟ್ 88' ಎಂಬ ಆ ಹಾಡು ದೊಡ್ಡ ಹಿಟ್ ಆಯಿತು. ಮೊದಲ ರಾಕ್ ಅಂಡ್ ರೋಲ್ ಹಾಡು ಅದೇ ಎಂದು ವಾದಿಸುವವರು ಇಂದಿಗೂ ಇದ್ದಾರೆ.

ಮೊದಲ ಸಲ ಆಕಸ್ಮಿಕ. ಆಮೇಲೆ ಜನ ಬೇಕೆಂದೇ ಕೆಡಿಸತೊಡಗಿದರು. ಲಿಂಕ್ ರೇ ಎಂಬ ವಾದಕ ತನ್ನ ಆಂಪಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹೊಡೆದ. 1958ರಲ್ಲಿ ಬಂದ ಅವನ 'ರಂಬಲ್' ಎಂಬ ವಾದ್ಯಸಂಗೀತದಲ್ಲಿ ಒಂದು ಪದವೂ ಇಲ್ಲ. ಆದರೂ ಹುಡುಗರನ್ನು ಬೀದಿ ಜಗಳಕ್ಕೆ ಎಬ್ಬಿಸುತ್ತದೆ ಎಂದು ಅಮೆರಿಕದ ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕದೆ ಬಿಟ್ಟವು. ಬರೀ ದನಿಗೇ ಅಷ್ಟು ಹೆದರಿದ್ದರು.

1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಚಿಕ್ಕ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ಆ ಸೀಳಿನಿಂದ ಬಂದ ದನಿಯೇ 'ಯೂ ರಿಯಲಿ ಗಾಟ್ ಮಿ' ಹಾಡಿನ ಗಿಟಾರ್.

ಆದರೆ ಹಾಡಿಗೊಂದು ಸ್ಪೀಕರ್ ಸೀಳುತ್ತಾ ಕೂರಲು ಯಾರಿಗಾದರೂ ಆಗುತ್ತದೆಯೇ? ಬೇಕಾದಾಗ ಕೆಡುವ, ಬೇಡವಾದಾಗ ಸರಿಹೋಗುವ ಏನಾದರೂ ಬೇಕಿತ್ತು.

ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದ ಹುಟ್ಟಿದ ಪೆಡಲ್

ಆ ಉತ್ತರ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಸಿಕ್ಕಿತು. ಅದು ರಾಕ್ ಸಂಗೀತದ ಊರಲ್ಲ, ಅವರ ಹಳ್ಳಿಗಾಡಿನ ಕಂಟ್ರಿ ಸಂಗೀತದ ಊರು. ಗಾಯಕ ಮಾರ್ಟಿ ರಾಬಿನ್ಸ್ 'ಡೋಂಟ್ ವರಿ' ಎಂಬ ಮೆಲುದನಿಯ ಹಾಡನ್ನು ರೆಕಾರ್ಡ್ ಮಾಡುತ್ತಿದ್ದ. ನಡುವೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಗಿಟಾರ್ ನುಡಿಸಿದ. ಸ್ಟುಡಿಯೋದ ಮಿಕ್ಸರಿನಲ್ಲಿ ಆ ಚಾನೆಲ್ಲಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಗಿಟಾರ್ ದುಂಬಿ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು. ಅಳಿಸಿ ಮತ್ತೆ ನುಡಿಸಬಹುದಿತ್ತು. ಅದನ್ನೇ ಉಳಿಸಿಕೊಂಡರು. 1961ರಲ್ಲಿ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು.

ಉಳಿದ ಕಲಾವಿದರೂ ಬಂದು ಆ ದನಿ ನಮಗೂ ಬೇಕು ಎಂದರು. ಅಷ್ಟರಲ್ಲಿ ಚಾನೆಲ್ ಪೂರ್ತಿ ಸತ್ತಿತ್ತು. ಎಂಜಿನಿಯರ್ ಗ್ಲೆನ್ ಸ್ನಾಡಿ ತಲೆ ಓಡಿಸಿದ. ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಜೊತೆ ಸೇರಿ, ಕೆಟ್ಟ ಚಾನೆಲ್ಲಿನ ದನಿಯನ್ನೇ ಹುಟ್ಟಿಸುವ ಸರ್ಕ್ಯೂಟನ್ನು ಟ್ರಾನ್ಸಿಸ್ಟರಿನಲ್ಲಿ ಕಟ್ಟಿದ. ಗಿಬ್ಸನ್ ಕಂಪನಿ ಅದನ್ನು ಕೊಂಡು 1962ರಲ್ಲಿ 'ಮಾಸ್ಟ್ರೋ ಫಝ್-ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದು ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಫಝ್ ಪೆಡಲ್.

ಮಜಾ ಇರುವುದು ಇಲ್ಲಿ. ಈ ಡಬ್ಬಿ ಏನಕ್ಕೆ ಎಂದು ಕಂಪನಿಗೇ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮ ಗಿಟಾರ್ ತುತ್ತೂರಿ, ಸ್ಯಾಕ್ಸೋಫೋನಿನ ಹಾಗೆ ಕೇಳುತ್ತದೆ ಎಂದು ಪ್ರಚಾರ ಮಾಡಿದರು. ಗಿಟಾರ್ ಕೊಂಡವರಿಗೆ ತುತ್ತೂರಿ ಯಾಕೆ ಬೇಕು? ಡಬ್ಬಿಗಳು ಅಂಗಡಿಯ ಕಪಾಟಿನಲ್ಲೇ ಧೂಳು ಹಿಡಿದವು.

1965ರ ಮೇನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಹಾಲಿವುಡ್ ಸ್ಟುಡಿಯೋದಲ್ಲಿ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಇದೇ ಡಬ್ಬಿ ಒತ್ತಿದ. ಅವನ ಲೆಕ್ಕವೂ ತುತ್ತೂರಿಯದ್ದೇ. ಮುಂದೆ ತುತ್ತೂರಿಯವರನ್ನು ಕರೆಸಿ ನುಡಿಸೋಣ, ಸದ್ಯಕ್ಕೆ ಗುರುತಿಗೆ ಇರಲಿ ಎಂದು ಗಿಟಾರಿನಲ್ಲಿ ಆ ಸಾಲು ಹಾಕಿದ್ದ. ಆದರೆ ಹಾಡು ಹಾಗೆಯೇ ಬಿಡುಗಡೆಯಾಗಿ ಎಲ್ಲೆಡೆ ಹಬ್ಬಿತು. ಮೂರು ವರ್ಷ ಧೂಳು ತಿಂದ ಫಝ್-ಟೋನ್ ಡಬ್ಬಿಗಳು ಖಾಲಿಯಾದವು. ಅದೇ ವರ್ಷ ಓಟಿಸ್ ರೆಡಿಂಗ್ ಎಂಬ ಗಾಯಕ ಆ ಹಾಡನ್ನು ನಿಜವಾದ ತುತ್ತೂರಿಗಳೊಂದಿಗೆ ಹಾಡಿದ. ಎರಡನ್ನೂ ಒಟ್ಟಿಗೆ ಕೇಳಿ ನೋಡಿ. ಕೀತ್ ತಲೆಯಲ್ಲಿ ಏನಿತ್ತು ಎಂದು ಗೊತ್ತಾಗುತ್ತದೆ.

ಬಿಸಿಲಿಗೆ ಮುನಿಯುವ ಡಬ್ಬಿ

ಲಂಡನ್ನಿನಲ್ಲಿ 1965ರಲ್ಲಿ ಗ್ಯಾರಿ ಹರ್ಸ್ಟ್ ಎಂಬ ಎಂಜಿನಿಯರ್ 'ಟೋನ್ ಬೆಂಡರ್' ಮಾಡಿದ. ಲೆಡ್ ಝೆಪ್ಲಿನ್ ತಂಡದ ಜಿಮ್ಮಿ ಪೇಜ್ 1969ರ ಮೊದಲ ಆಲ್ಬಮ್ಮಿನಲ್ಲಿ ಬಳಸಿದ್ದು ಈ ಕುಟುಂಬದ ಪೆಡಲನ್ನೇ. 1966ರಲ್ಲಿ ಆರ್ಬಿಟರ್ ಕಂಪನಿಯ 'ಫಝ್ ಫೇಸ್' ಬಂತು. ಅದು ದುಂಡಗೆ, ನಗುವ ಮುಖದ ಹಾಗಿದೆ. ಆ ಆಕಾರ ಬಂದಿದ್ದು ಮೈಕ್ ಸ್ಟ್ಯಾಂಡಿನ ದುಂಡು ಬುಡದಿಂದ. ಒಳಗೆ ಎರಡೇ ಟ್ರಾನ್ಸಿಸ್ಟರು, ಬೆರಳೆಣಿಕೆಯ ಬಿಡಿಭಾಗಗಳು. ಇಷ್ಟನ್ನೇ ಇಟ್ಟುಕೊಂಡು ಜಿಮಿ ಹೆಂಡ್ರಿಕ್ಸ್ ಗಿಟಾರಿನ ಚರಿತ್ರೆಯನ್ನೇ ತಿರುಗಿಸಿದ.

ಆಗಿನ ಟ್ರಾನ್ಸಿಸ್ಟರುಗಳು ಜರ್ಮೇನಿಯಂ ಎಂಬ ಧಾತುವಿನವು. ಇವಕ್ಕೆ ಬಿಸಿ ಆಗದು. ತಣ್ಣಗಿದ್ದಾಗ ಒಂದು ದನಿ, ಬಿಸಿಯಾದರೆ ಇನ್ನೊಂದು ದನಿ. ಒಂದೇ ಮಾದರಿಯ ಎರಡು ಡಬ್ಬಿ ತಂದರೂ ಎರಡೂ ಬೇರೆ ಬೇರೆ. ಆಮೇಲೆ ಸಿಲಿಕಾನ್ ಟ್ರಾನ್ಸಿಸ್ಟರು ಬಂದವು. ಅವು ಬಿಸಿಗೆ ಅಷ್ಟಾಗಿ ಬಗ್ಗುವುದಿಲ್ಲ, ದನಿ ಮಾತ್ರ ಹೆಚ್ಚು ಚೂಪು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಬಯಲು ವೇದಿಕೆ ಹತ್ತುವವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಸಿಲಿಕಾನ್ ಫಝ್ ಹೆಚ್ಚು ನಂಬಿಕಸ್ಥ.

ಫಝ್ ಫೇಸಿನ ಇನ್ನೊಂದು ಗುಟ್ಟು ಗಿಟಾರಿನ ಮೇಲೇ ಇದೆ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಗರಗರ ಹೋಗಿ ದನಿ ತಿಳಿಯಾಗುತ್ತದೆ. ಏರಿಸಿದರೆ ಮತ್ತೆ ಬೆಂಕಿ. ಹೆಂಡ್ರಿಕ್ಸ್ ಒಂದೇ ಹಾಡಿನಲ್ಲಿ ಮೂರು ನಾಲ್ಕು ಬಣ್ಣ ತೋರಿಸುತ್ತಿದ್ದುದು ಹೀಗೆ. ಡಬ್ಬಿ ಕೊಂಡು ವಾಲ್ಯೂಮ್ ಗುಂಡಿ ಮುಟ್ಟದವರಿಗೆ ಆ ದನಿ ಸಿಗುವುದಿಲ್ಲ.

ಇದೇ ಸಾಲಿನ ಇನ್ನೊಂದು ಫಝ್ 'ಬಿಗ್ ಮಫ್'. ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್‌ನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ 1969ರ ಸುಮಾರಿಗೆ ತಂದಿತು. ಇದರಲ್ಲಿ ಸ್ವರ ಸಾಯದೆ ಬಹಳ ಹೊತ್ತು ನಿಲ್ಲುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಕಾಲದಲ್ಲಿ ಫಝ್ ಫೇಸ್ ಬಳಸುತ್ತಿದ್ದ. 1979ರ 'ದಿ ವಾಲ್' ಹೊತ್ತಿಗೆ ಬಿಗ್ ಮಫ್‌ಗೆ ಬಂದಿದ್ದ. ಹಾಗಾಗಿ "ಗಿಲ್ಮೋರ್ ಟೋನ್ ಬೇಕು" ಎಂದರೆ ಸಾಲದು. ಯಾವ ವರ್ಷದ ಗಿಲ್ಮೋರ್ ಎಂದು ಕೇಳಿಕೊಳ್ಳಬೇಕು.

ಕಾರ್ಖಾನೆಯ ಬೆರಳು, ಒಲೆಯ ಮರ, ಕಸದ ಬೋರ್ಡು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಅವನು ಎಡಚ. ತಂತಿ ಒತ್ತುವ ಬೆರಳುಗಳೇ ಹೋದವು.

ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮೇಲೆ ತೊಗಲು ಅಂಟಿಸಿದ. ಒತ್ತಲು ಸುಲಭವಾಗಲೆಂದು ತೆಳು ತಂತಿ ಹಾಕಿದ, ಆಮೇಲೆ ಶ್ರುತಿಯನ್ನೂ ಇಳಿಸಿದ. ಆಂಪಿನ ಮುಂದೆ 'ಡಲ್ಲಾಸ್ ರೇಂಜ್‌ಮಾಸ್ಟರ್' ಎಂಬ ಟ್ರೆಬಲ್ ಬೂಸ್ಟರ್ ಇಟ್ಟ. ಒಂದೇ ಟ್ರಾನ್ಸಿಸ್ಟರಿನ ಈ ಡಬ್ಬಿ ದನಿಯನ್ನು ಚೂಪು ಮಾಡಿ, ಜೋರು ಮಾಡಿ ಆಂಪಿಗೆ ನೂಕುತ್ತದೆ. ಉಳಿದ ಗರಗರ ಆಂಪಿನದ್ದೇ. 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂತು. ಹೆವಿ ಮೆಟಲ್ ಎಂಬ ಸಂಗೀತ ಅಲ್ಲಿಂದ ಶುರುವಾಯಿತು ಎಂದು ಅನೇಕರು ಹೇಳುತ್ತಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ನಮ್ಮ ಜಿಲ್ಲೆಗಳ ಹುಡುಗರೂ ಬಸ್ಸು, ರೈಲು ಹತ್ತಿ ಹೋಗಿದ್ದರು. ಅವರು ಕೇಳಲು ಹೋದ ದನಿಯ ಬೇರು ಆ ತಗಡಿನ ಕಾರ್ಖಾನೆಯವರೆಗೂ ಹೋಗುತ್ತದೆ.

ಕ್ವೀನ್ ತಂಡದ ಬ್ರಿಯಾನ್ ಮೇ ಕತೆಯೂ ಹೀಗೆಯೇ. 1963ರಲ್ಲಿ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪ ಮಗ ಸೇರಿ ಮನೆಯಲ್ಲೇ ಕಟ್ಟಿದರು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ತಂತಿ ಎಳೆಯುವ ಭಾಗಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಮೀಟಲು ಆರು ಪೆನ್ಸಿನ ನಾಣ್ಯ. ಅದಕ್ಕೆ ಟ್ರೆಬಲ್ ಬೂಸ್ಟರ್, ಅಲ್ಲಿಂದ ವಾಕ್ಸ್ ಕಂಪನಿಯ ಎಸಿ 30 ಆಂಪ್. ಅದೇ ತಂಡದ ಜಾನ್ ಡೀಕನ್‌ಗೆ ರಸ್ತೆ ಬದಿಯ ಕಸದ ತೊಟ್ಟಿಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದರಿಂದ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ ಕಟ್ಟಿದ. 1975ರ 'ಗುಡ್ ಕಂಪನಿ' ಹಾಡಿನಲ್ಲಿ ತುತ್ತೂರಿ, ಕ್ಲಾರಿನೆಟ್ಟಿನ ಹಾಗೆ ಕೇಳುವುದೆಲ್ಲ ಬ್ರಿಯಾನ್ ಆ ಕಸದ ಆಂಪಿನಲ್ಲಿ ನುಡಿಸಿದ ಗಿಟಾರ್.

ಪೆಡಲೇ ಇಲ್ಲದ ದನಿಗಳು

ಪೆಡಲ್ ಅಂಗಡಿಯವರು ಮುಂದಾಗಿ ಹೇಳದ ಮಾತೊಂದಿದೆ. ಹಳೆಯ ರಾಕ್ ದನಿಗಳಲ್ಲಿ ಎಷ್ಟೋ ದನಿಗಳಿಗೆ ಗರಗರದ ಪೆಡಲೇ ಇರಲಿಲ್ಲ. ಆಂಪನ್ನು ಪೂರ್ತಿ ಏರಿಸುತ್ತಿದ್ದರು, ಅಷ್ಟೇ.

ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ ಮಾಡಲು ಕೈಹಾಕಿದ. ಅಮೆರಿಕದ ಫೆಂಡರ್ ಬಾಸ್‌ಮ್ಯಾನ್ ಆಂಪನ್ನು ಬಿಚ್ಚಿ ನೋಡಿ ಅದರ ಮಾದರಿಯಲ್ಲೇ ಕಟ್ಟಿಸಿದ. 1966ರಲ್ಲಿ ಎರಿಕ್ ಕ್ಲಾಪ್ಟನ್ ಬ್ಲೂಸ್‌ಬ್ರೇಕರ್ಸ್ ತಂಡದ ಆಲ್ಬಮ್ಮಿಗೆ ಮಾರ್ಷಲ್ ಆಂಪನ್ನು ಸ್ಟುಡಿಯೋದಲ್ಲೂ ವೇದಿಕೆಯಷ್ಟೇ ಜೋರಾಗಿ ಇಟ್ಟು ನುಡಿಸುತ್ತೇನೆ ಎಂದು ಹಟ ಹಿಡಿದ. ಅಲ್ಲಿಂದ ಅದೇ ವಾಡಿಕೆಯಾಯಿತು. ಎಸಿ/ಡಿಸಿ ತಂಡದ ಆಂಗಸ್ ಯಂಗ್ ಕಾಲ ಬಳಿ ಫಝ್ ಡಬ್ಬಿ ಹುಡುಕಿದರೆ ಸಿಗದು. ಗಿಬ್ಸನ್ ಗಿಟಾರ್, ಮಾರ್ಷಲ್ ಆಂಪ್, ಬೇಕಾದಷ್ಟು ಜೋರು. 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಕೇಳಿ. ಗರಗರ ನೀವು ಅಂದುಕೊಂಡಷ್ಟು ಇಲ್ಲ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಎಡ್ಡಿ ವಾನ್ ಹೇಲನ್ ಇನ್ನೊಂದು ಉಪಾಯ ಮಾಡಿದ. ನಮ್ಮ ಕಡೆ ಸಂಜೆ ವೋಲ್ಟೇಜ್ ಬಿದ್ದಾಗ ಫ್ಯಾನ್ ತೆವಳುತ್ತದಲ್ಲ, ಅವನು ಆ ಸ್ಥಿತಿಯನ್ನು ಬೇಕೆಂದೇ ತಂದುಕೊಂಡ. ವೇರಿಯಾಕ್ ಎಂಬ ಸಾಧನದಿಂದ ಆಂಪಿಗೆ ಹೋಗುವ ವೋಲ್ಟೇಜ್ ಇಳಿಸಿದ. ಆಂಪ್ ಬೇಗ ಸುಸ್ತಾಗಿ, ಕಡಿಮೆ ಸದ್ದಿನಲ್ಲೇ ಗರಗರ ಕೊಟ್ಟಿತು. 1978ರ ಮೊದಲ ಆಲ್ಬಮ್ಮಿನ ಹಿಂದೆ ಈ ಉಪಾಯವಿತ್ತು. ನೀವು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ವಾಲ್ವ್ ಆಂಪಿನೊಳಗೆ ಜೀವ ತೆಗೆಯುವಷ್ಟು ವಿದ್ಯುತ್ ಇರುತ್ತದೆ.

ಅಳುವ ಪೆಡಲ್, ತೇಲುವ ರೇಡಿಯೋ

ಗರಗರ ಒಂದೇ ಅಲ್ಲ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರಿಗೆ ಸಿಕ್ಕಿದ್ದು ಖರ್ಚು ಉಳಿಸುವ ಕೆಲಸ. ಆಂಪಿನಲ್ಲಿದ್ದ ದುಬಾರಿ ಸ್ವಿಚ್ಚಿನ ಬದಲು ಅಗ್ಗದ ತಿರುಗುವ ಗುಂಡಿ ಹಾಕಬೇಕಿತ್ತು. ಹಾಕಿ ತಿರುಗಿಸಿದಾಗ ಗಿಟಾರ್ "ವಾವ್ವಾ" ಎಂದು ಮಗುವಿನ ಹಾಗೆ ಬಾಯಿ ತೆರೆಯಿತು. ಆರ್ಗನ್ ವಾದ್ಯದ ವಾಲ್ಯೂಮ್ ಪೆಡಲಿನೊಳಗೆ ಆ ಸರ್ಕ್ಯೂಟ್ ಸೇರಿಸಿದರು. ಅದೇ ವಾ-ವಾ ಪೆಡಲ್. ಮುಂದೆ ಬಂದ 'ಕ್ರೈ ಬೇಬಿ' ಎಂಬ ಹೆಸರಿಗೂ ಅಳುವ ಮಗು ಎಂದೇ ಅರ್ಥ. 1968ರಲ್ಲಿ ಹೆಂಡ್ರಿಕ್ಸ್‌ನ 'ವೂಡೂ ಚೈಲ್ಡ್', ಕ್ರೀಮ್ ತಂಡದ 'ವೈಟ್ ರೂಮ್' ಎರಡರಲ್ಲೂ ಇದನ್ನು ಕೇಳಬಹುದು.

ಜಪಾನಿನ ಶಿನ್-ಇ ಕಂಪನಿಯ 'ಯೂನಿ-ವೈಬ್' ಹಿಂದಿನ ಕತೆ ನಮ್ಮ ಹಿರಿಯರಿಗೆ ಬೇಗ ಹಿಡಿಸುತ್ತದೆ. ರಾತ್ರಿ ಶಾರ್ಟ್‌ವೇವ್ ರೇಡಿಯೋ ಹಾಕಿದರೆ ದೂರದ ಕೇಂದ್ರದ ದನಿ ಅಲೆಯಲೆಯಾಗಿ ಹತ್ತಿರ ಬಂದು ದೂರ ಹೋಗುತ್ತಿತ್ತು. ರೇಡಿಯೋ ಮಾಸ್ಕೋ ಪ್ರಸಾರ ಹೀಗೆ ತೇಲುವುದನ್ನು ಕೇಳಿಯೇ ಎಂಜಿನಿಯರ್ ಫುಮಿಯೋ ಮಿಯೆದಾಗೆ ಈ ಸರ್ಕ್ಯೂಟ್ ಹೊಳೆಯಿತು. ಒಳಗೆ ಒಂದು ಪುಟ್ಟ ಬಲ್ಬು ಉಸಿರಾಡುವ ಹಾಗೆ ಹೊಳೆದು ಮಂಕಾಗುತ್ತದೆ. ಸುತ್ತ ನಾಲ್ಕು ಬೆಳಕಿನ ಸೆನ್ಸರುಗಳು. ಬೆಳಕು ಏರಿಳಿದಂತೆ ದನಿ ತೇಲುತ್ತದೆ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಮೇಳದಲ್ಲಿ ಹೆಂಡ್ರಿಕ್ಸ್ ಕಾಲ ಬಳಿ ಇದಿತ್ತು. 1974ರಲ್ಲಿ ಬಂದ ಎಂಎಕ್ಸ್‌ಆರ್ ಕಂಪನಿಯ 'ಫೇಸ್ 90' ಇದರ ಸರಳ ದಾಯಾದಿ. ಅದಕ್ಕೆ ಗುಂಡಿ ಒಂದೇ. ವಾನ್ ಹೇಲನ್‌ನ ಸುಳಿಯುವ ದನಿ ಅದರದ್ದು.

ಕೈಯಿಂದ ಕೈಗೆ ಬಕೆಟ್ಟು

ನುಡಿಸಿದ ಸ್ವರ ಸ್ವಲ್ಪ ತಡೆದು ಮತ್ತೆ ಕೇಳಿಸುವುದಕ್ಕೆ ಡಿಲೇ ಎನ್ನುತ್ತಾರೆ. ಬೆಟ್ಟದ ಮುಂದೆ ಕೂಗಿದರೆ ಬರುವ ಮಾರ್ದನಿಯ ಹಾಗೆ. ಮೊದಲು ಇದನ್ನು ಟೇಪಿನಲ್ಲಿ ಮಾಡುತ್ತಿದ್ದರು. ಸ್ವರವನ್ನು ಟೇಪಿಗೆ ಬರೆದು, ಒಂದಿಷ್ಟು ದೂರದಲ್ಲಿ ಇನ್ನೊಂದು ಹೆಡ್ಡಿನಿಂದ ಓದಿಸುವುದು. ಅಮೆರಿಕದ ಎಕೋಪ್ಲೆಕ್ಸ್ ಅಂಥದ್ದು. ಗಿಲ್ಮೋರ್ ಬಳಸಿದ ಇಟಲಿಯ ಬಿನ್ಸನ್ ಎಕೋರೆಕ್‌ನಲ್ಲಿ ಟೇಪಿನ ಬದಲು ತಿರುಗುವ ಕಾಂತೀಯ ಚಕ್ರ.

1969ರಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧಕರು ಹೊಸ ಬಗೆಯ ಸರ್ಕ್ಯೂಟ್ ಕಂಡುಹಿಡಿದರು. ಬಣವೆಗೆ ಬೆಂಕಿ ಬಿದ್ದರೆ ಬಾವಿಯಿಂದ ಸಾಲಾಗಿ ನಿಂತು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆಯೇ ವಿದ್ಯುತ್ತನ್ನು ಸಾವಿರಾರು ಪುಟ್ಟ ಮನೆಗಳಲ್ಲಿ ಒಂದರಿಂದ ಒಂದಕ್ಕೆ ದಾಟಿಸುವುದು. ಕೊನೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಹೆಸರೂ ಬಕೆಟ್-ಬ್ರಿಗೇಡ್ ಎಂದೇ. ದಾಟುವಾಗ ಬಕೆಟ್ಟಿನ ನೀರು ಚೆಲ್ಲುವ ಹಾಗೆ ಸ್ವರದ ಚೂಪೂ ಸ್ವಲ್ಪ ಚೆಲ್ಲುತ್ತದೆ. ಅದಕ್ಕೇ ಅನಲಾಗ್ ಡಿಲೇ ಪೆಡಲಿನ ಮಾರ್ದನಿ ಮಬ್ಬಾಗಿ, ಹಿತವಾಗಿ ಕೇಳುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಜಪಾನಿನವರು ಇದೆಲ್ಲವನ್ನೂ ಅಗ್ಗವಾಗಿ, ಗಟ್ಟಿಯಾಗಿ ಕೊಡತೊಡಗಿದರು. 1977ರಲ್ಲಿ ಬಾಸ್ ಕಂಪನಿಯ ಓಡಿ-1, ಅದರ ಬೆನ್ನಿಗೆ ಇಬಾನೆಝ್ 'ಟ್ಯೂಬ್ ಸ್ಕ್ರೀಮರ್'. ಇವು ಓವರ್‌ಡ್ರೈವ್ ಪೆಡಲುಗಳು. ಫಝ್‌ನಷ್ಟು ಒರಟಲ್ಲ, ಏರಿಸಿದ ಆಂಪಿನ ಮೆದು ಗರಗರವನ್ನು ನೆನಪಿಸುತ್ತವೆ. ಸ್ಟೀವಿ ರೇ ವಾನ್ 1983ರ 'ಟೆಕ್ಸಸ್ ಫ್ಲಡ್' ಕಾಲದಲ್ಲಿ ಟ್ಯೂಬ್ ಸ್ಕ್ರೀಮರ್ ಬಳಸಿದ. ಅದರ ಗರಗರದ ಗುಂಡಿ ಕೆಳಗೆ, ಜೋರಿನ ಗುಂಡಿ ಮೇಲೆ. ಡಬ್ಬಿಯ ಕೆಲಸ ಆಂಪನ್ನು ಹಿಂದಿನಿಂದ ನೂಕುವುದು ಮಾತ್ರ.

ಹಾಗಾದರೆ ಯಾವುದು ಕೊಳ್ಳಬೇಕು?

ಮೊದಲು ಹಾಡು ಹಿಡಿಯಿರಿ, ಆಮೇಲೆ ಪೆಡಲ್. ಆ ದನಿ ಯಾವುದರಿಂದ ಬಂತು ಎಂದು ಕಿವಿಯಿಂದ ವಿಚಾರಿಸಿ.

ದುಂಬಿಯ ಗುಂಯ್ ಇದ್ದರೆ, ಸ್ವರ ಹರಿದ ಹಾಗಿದ್ದರೆ ಅದು ಫಝ್. 'ಸ್ಯಾಟಿಸ್‌ಫ್ಯಾಕ್ಷನ್', ಹೆಂಡ್ರಿಕ್ಸ್ ಈ ಗುಂಪು. ಸ್ವರ ಉದ್ದಕ್ಕೆ ನಿಂತು ಹಾಡಿದರೆ ಬಿಗ್ ಮಫ್, ಜೊತೆಗೆ ಡಿಲೇ. ಅದು ಗಿಲ್ಮೋರ್ ದಾರಿ. ಬ್ರಿಯಾನ್ ಮೇ, ಅಯೋಮಿ ಬೇಕಾದರೆ ಟ್ರೆಬಲ್ ಬೂಸ್ಟರ್. ಆದರೆ ಅದರ ಮುಂದೆ ಏರಿಸಿದ ಆಂಪ್ ಇರಲೇಬೇಕು. ತಿಳಿಯಾದ, ಮೆದು ಆಂಪಿಗೆ ಹಾಕಿದರೆ ಬರೀ ಕೀರಲು ದನಿ ಬರುತ್ತದೆ. ಎಸಿ/ಡಿಸಿಯಂಥ ದನಿಗೆ ಓವರ್‌ಡ್ರೈವ್ ಸಾಕು, ಗರಗರ ಅರ್ಧಕ್ಕಿಂತ ಕಡಿಮೆ ಇರಲಿ.

ನಮ್ಮ ಊರುಗಳಲ್ಲಿ ಮಾರ್ಷಲ್ ಆಂಪನ್ನು ಕಿವುಡಾಗುವಷ್ಟು ಏರಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಆರ್ಕೆಸ್ಟ್ರಾದಲ್ಲೂ ಗಿಟಾರ್ ಹೆಚ್ಚಾಗಿ ನೇರ ಮಿಕ್ಸರಿಗೇ ಹೋಗುತ್ತದೆ. ಫಝ್ ಡಬ್ಬಿಯನ್ನು ನೇರ ಮಿಕ್ಸರಿಗೆ ಹಾಕಿದರೆ ಜೇನುಹುಳ ಡಬ್ಬಿಯಲ್ಲಿ ಸಿಕ್ಕಿಬಿದ್ದ ಹಾಗೆ ಕೇಳುತ್ತದೆ. ಏಕೆಂದರೆ ಆ ಚೂಪನ್ನು ತಡೆಯುವ ಗಿಟಾರ್ ಸ್ಪೀಕರ್ ನಡುವೆ ಇಲ್ಲ. ಹಾಗೆ ನುಡಿಸುವವರಿಗೆ ಆಂಪ್ ಮತ್ತು ಸ್ಪೀಕರಿನ ದನಿಯನ್ನೂ ಒಳಗೇ ಇಟ್ಟುಕೊಂಡ ಒಂದು ಸಾಧಾರಣ ಮಲ್ಟಿ-ಎಫೆಕ್ಟ್ಸ್ ಪ್ರೊಸೆಸರ್, ನಾಲ್ಕು ಹೆಸರಾಂತ ಪೆಡಲುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಡಿ ಪೆಡಲ್ ಕೊಳ್ಳುವವರಿಗೆ ಕೆಲವು ಮಾತು.

ಜೋಡಿಸುವ ಕ್ರಮ ಮುಖ್ಯ. ಗಿಟಾರಿನಿಂದ ಹೊರಟರೆ ಮೊದಲು ಫಝ್, ವಾ-ವಾ, ಆಮೇಲೆ ಓವರ್‌ಡ್ರೈವ್, ನಂತರ ಫೇಸರಿನಂಥ ತೇಲುವ ದನಿಗಳು, ಕೊನೆಗೆ ಡಿಲೇ. ಫಝ್ ಮತ್ತು ವಾ-ವಾ ಎರಡನ್ನೂ ಹಿಂದೆ ಮುಂದೆ ಮಾಡಿ ಕೇಳಿ, ಹಿಡಿಸಿದ್ದನ್ನು ಇಟ್ಟುಕೊಳ್ಳಿ. ಡಿಲೇಯನ್ನು ಫಝ್‌ಗಿಂತ ಮೊದಲು ಇಟ್ಟರೆ ಮಾರ್ದನಿಯೂ ಹರಿದು ಗೋಜಲಾಗುತ್ತದೆ.

ಅಡಾಪ್ಟರ್ ವಿಷಯದಲ್ಲಿ ಎಚ್ಚರ. ಹೆಚ್ಚಿನ ಪೆಡಲುಗಳಿಗೆ ಬೇಕಾದ್ದು 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಸಾಮಾನ್ಯ ಅಡಾಪ್ಟರುಗಳಲ್ಲಿ ಬಹಳಷ್ಟು ಇದಕ್ಕೆ ಉಲ್ಟಾ. ಕೈಗೆ ಸಿಕ್ಕಿದ್ದು ಚುಚ್ಚಿದರೆ ಪೆಡಲ್ ಸುಡಬಹುದು. ಹಳೆಯ ಮಾದರಿಯ ಕೆಲವು ಜರ್ಮೇನಿಯಂ ಫಝ್‌ಗಳನ್ನು ಬೇರೆ ಪೆಡಲುಗಳ ಜೊತೆ ಒಂದೇ ಸಪ್ಲೈಗೆ ಹಾಕಲೂಬಾರದು. ಅವಕ್ಕೆ ಬ್ಯಾಟರಿಯೇ ಒಳ್ಳೆಯದು. ನುಡಿಸುವುದು ಮುಗಿದ ಮೇಲೆ ಗಿಟಾರಿನ ವೈರನ್ನು ಪೆಡಲಿನಿಂದ ಕಿತ್ತಿಡಿ. ವೈರ್ ಚುಚ್ಚಿದ್ದರೆ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ದುಡ್ಡು ಕಡಿಮೆ ಇದ್ದರೆ ಒಂದು ಓವರ್‌ಡ್ರೈವ್, ಆಮೇಲೆ ಒಂದು ಡಿಲೇ. ಇವೆರಡನ್ನು ಆರು ತಿಂಗಳು ನುಡಿಸಿ. ಗಿಟಾರಿನ ವಾಲ್ಯೂಮ್ ಗುಂಡಿ, ಮೀಟುವ ಬಲ, ಮೀಟುವ ಜಾಗ ಇವುಗಳಿಂದ ಎಷ್ಟು ಬಣ್ಣ ಬರುತ್ತದೆ ಎಂದು ನಿಮಗೇ ತಿಳಿಯುತ್ತದೆ. ಮೂರನೆಯದು ಬೇಕೋ ಬೇಡವೋ ಎಂಬುದು ಆಗ ನಿಮ್ಮ ಕಿವಿಗೇ ಗೊತ್ತಿರುತ್ತದೆ.

ಇವತ್ತು ಆ ಹಳೆಯ ಡಬ್ಬಿಗಳನ್ನು ಪುರಾತನ ವಸ್ತುಗಳ ಹಾಗೆ ದುಬಾರಿ ಬೆಲೆಗೆ ಮಾರುತ್ತಾರೆ. ಆದರೆ ಆ ದನಿ ಹುಟ್ಟಿಸಿದವರಲ್ಲಿ ಹೆಚ್ಚಿನವರ ಹತ್ತಿರ ದುಬಾರಿಯದು ಏನೂ ಇರಲಿಲ್ಲ. ಕಿಝಾರ್ಟ್ ಹತ್ತಿರ ಹರಿದ ಸ್ಪೀಕರ್ ಇತ್ತು, ಅಯೋಮಿಗೆ ಬೆರಳ ತುದಿಯೇ ಇರಲಿಲ್ಲ, ಬ್ರಿಯಾನ್‌ಗೆ ಅಗ್ಗಿಷ್ಟಿಕೆಯ ಮರ ಸಿಕ್ಕಿತ್ತು. ಇದ್ದದ್ದರಲ್ಲಿ ಕೆಟ್ಟದ್ದನ್ನೂ ಕಿವಿಗೊಟ್ಟು ಕೇಳಿ, ಇದು ಚೆನ್ನಾಗಿದೆ, ಇರಲಿ ಎಂದರು. ಅಂಗಡಿಗೆ ಹೋಗುವಾಗ ದುಡ್ಡಿನ ಜೊತೆ ಆ ಕಿವಿಯನ್ನೂ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ನಿಮ್ಮದೇ ಗಿಟಾರನ್ನೂ ಹೊತ್ತುಕೊಂಡು ಹೋಗಿ, ಅದರಲ್ಲೇ ನುಡಿಸಿ ನೋಡಿ ಕೊಳ್ಳಿ.